ದಪ್ಪಮ್ಮನ ಬೀಜ

ಕತ್ತರಿ ಅಕ್ಕನ ಕಣ್ಣಿಗೆ ಆ ಚುಕ್ಕೆ ಬಿದ್ದದ್ದು ಬೆಳಿಗ್ಗೆ, ಚಹಾ ಲೋಟ ಹಿಡಿದುಕೊಂಡು ಹಿತ್ತಲಿಗೆ ಇಳಿದಾಗ. ಗೋಡೆ ಪಕ್ಕದ ಟೊಮೇಟೊ ಗಿಡದ ಕೆಳಗಿನ ಎಲೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಒದ್ದೆಯಾದ ಒಂದು ಕಲೆ, ಅದರ ಅಂಚಿಗೆ ಕಂದು ಬಣ್ಣ. ಎಲೆ ಮಗುಚಿ ನೋಡಿದಳು. ಅಡಿಯಲ್ಲಿ ತೆಳ್ಳಗೆ ಬಿಳಿ ಬೂಷ್ಟು. ಗಿಡವನ್ನೇ ಕೊಳೆಸುವ ರೋಗ, ಅಂಗಮಾರಿ.

ಬೇರೆ ಯಾರಾದರೂ ಆಗಿದ್ದರೆ ಗಂಡನನ್ನು ಕೂಗುತ್ತಿದ್ದರು. ಇವಳು ಮೊದಲು ತಲೆಯೆತ್ತಿ ತಂತಿ ಬೇಲಿಯ ಆಚೆ ನೋಡಿದಳು. ಪಕ್ಕದ ಹಿತ್ತಲಲ್ಲಿ ಯಾರೂ ಇರಲಿಲ್ಲ. ಚಕ್ಕನೆ ಎಲೆ ಚಿವುಟಿ ಏಪ್ರನ್ನಿನ ಜೇಬಿಗೆ ತುರುಕಿದಳು. ಪಕ್ಕದ ಗಿಡದಲ್ಲಿ ಇನ್ನೆರಡು ಕಂಡವು, ಅವೂ ಜೇಬಿಗೆ ಹೋದವು. ಜನ್ಮದಲ್ಲಿ ಒಂದು ಗುಂಡುಸೂಜಿ ಕದಿಯದ ಹೆಂಗಸು, ಆದರೆ ಆ ಹೊತ್ತಿಗೆ ಕೈ ಎಷ್ಟು ಸಲೀಸಾಗಿ ಓಡಿತೆಂದರೆ ಪಳಗಿದ ಕಳ್ಳರೂ ತಲೆದೂಗಬೇಕು.

ಇವಳು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಕತ್ತರಿ ಅಕ್ಕ ಎಂಬ ಹೆಸರು ಬಂದದ್ದು ಅದರಿಂದ ಎಂದು ಅವಳು ನಂಬಿದ್ದಳು. ಬೀದಿಯವರನ್ನು ಕೇಳಿದರೆ ನಾಲಿಗೆಯಿಂದ ಎನ್ನುತ್ತಿದ್ದರು. ಆ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು, ಹಿತ್ತಲುಗಳ ನಡುವೆ ಬರೀ ತಂತಿ ಬೇಲಿ. ಎಲ್ಲರಿಗೂ ಟೊಮೇಟೊ ಹುಚ್ಚು. ಒಂದು ಹಿತ್ತಲಿಗೆ ಅಂಗಮಾರಿ ಬಂತೆಂದರೆ ಗಾಳಿಗೆ ಹಾರಿ ಸಾಲು ಸಾಲೇ ಬೋಳಾಗುತ್ತಿತ್ತು. ಹಾಗೊಮ್ಮೆ ಬೋಳಾದ ಮೇಲೆ ಇವಳೇ ಬೀದಿ ಕೊನೆಯಲ್ಲಿ ಎಲ್ಲರನ್ನೂ ಸೇರಿಸಿ ಒಂದು ಕಟ್ಟಳೆ ಮಾಡಿಸಿದ್ದಳು: ಯಾರ ಹಿತ್ತಲಲ್ಲಿ ಚುಕ್ಕೆ ಕಂಡರೂ ಕಂಡ ಕ್ಷಣ ಅಕ್ಕಪಕ್ಕಕ್ಕೆ ಹೇಳಬೇಕು, ಕತ್ತಲಾಗುವುದರೊಳಗೆ ಗಿಡ, ಕಾಯಿ ಎಲ್ಲವನ್ನೂ ಕಿತ್ತು ಚೀಲಕ್ಕೆ ತುಂಬಬೇಕು. ಒಂದು ಕಾಯನ್ನೂ ಉಳಿಸಿಕೊಳ್ಳುವಂತಿಲ್ಲ.

ಆ ಕಟ್ಟಳೆಗೆ ಮೊದಲು ತಲೆ ಕೊಟ್ಟವರು ಪಕ್ಕದ ಮನೆಯ ಅಂಚೆಯಣ್ಣ. ಕಾಗದ ಹಂಚಿ ಹಂಚಿ ನಿವೃತ್ತರಾದವರು, ಒಂಟಿ ಮನುಷ್ಯ. ಹೋದ ವರ್ಷ ಅವರ ಗಿಡದಲ್ಲಿ ಒಂದೇ ಒಂದು ಎಲೆಗೆ ಚುಕ್ಕೆ ಬಿದ್ದಿತ್ತು. ಎರಡು ದಿನ ನೋಡೋಣ, ಬೇರೆ ಏನಾದರೂ ಇರಬಹುದು ಎಂದು ಅವರು ಗೋಗರೆದರು. ಕತ್ತರಿ ಅಕ್ಕ ಒಪ್ಪಲಿಲ್ಲ. ತಾನೇ ಬೇಲಿ ದಾಟಿ ಹೋಗಿ ಆಸರೆ ಕೋಲುಗಳನ್ನು ಕಿತ್ತಿದ್ದಳು. ಹಣ್ಣಾಗಲು ಶುರುವಾಗಿದ್ದ ಗಿಡಗಳು. ಅಂದಿನಿಂದ ಅವರು ಎದುರಾದರೆ ತಲೆಯಾಡಿಸುತ್ತಿದ್ದರು, ನಿಂತು ಮಾತಾಡುತ್ತಿರಲಿಲ್ಲ.

ಈಗ ಅದೇ ಕಟ್ಟಳೆ ಅವಳ ಕುತ್ತಿಗೆಗೇ ಬಂದಿತ್ತು. ಆದರೆ ಅವಳ ಹಿತ್ತಲಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ತಳಿಯಲ್ಲ. ಅದು ದಪ್ಪಮ್ಮ. ಹೆಸರಿಟ್ಟವಳು ಅವಳ ಅಮ್ಮ. ಮೈಯೆಲ್ಲ ಮಡಿಕೆ, ಬಣ್ಣ ಕಪ್ಪಿಗೆ ತಿರುಗಿದ ಕೆಂಪು, ಸಿಪ್ಪೆ ಎಷ್ಟು ತೆಳುವೆಂದರೆ ಬುಟ್ಟಿಯಲ್ಲಿಟ್ಟರೆ ತನ್ನ ಭಾರಕ್ಕೆ ತಾನೇ ಒಡೆಯುತ್ತಿತ್ತು. ಹಾಗಾಗಿ ಯಾವ ಅಂಗಡಿಯವರೂ ಅದನ್ನು ಮೂಸಿ ನೋಡಿರಲಿಲ್ಲ. ಅಮ್ಮನಿಗೆ ಅದು ಅವಳ ಸೋದರತ್ತೆಯಿಂದ ಬಂದಿತ್ತು, ಸೋದರತ್ತೆಗೆ ಯಾರಿಂದಲೋ. ತಿಂದವರಿಗೆ ಬೇರೆ ಟೊಮೇಟೊ ನೀರು ನೀರು ಅನ್ನಿಸುತ್ತಿತ್ತು.

ಅಮ್ಮ ಕೊನೆಗಾಲದಲ್ಲಿ ಬೀಜವನ್ನು ಎರಡು ಪಾಲು ಮಾಡಿ ಮಗಳಿಗೊಂದು, ಮಗನಿಗೊಂದು ಕೊಟ್ಟಳು. ಒಂದು ಮನೆಯಲ್ಲಿ ಹೋದರೆ ಇನ್ನೊಂದು ಮನೆಯಲ್ಲಿ ಇರಲಿ ಎಂಬ ಲೆಕ್ಕ. ಇವಳು ಅಮ್ಮನ ಹಾಸಿಗೆ ಪಕ್ಕದಲ್ಲೇ, ತಮ್ಮನ ಎದುರೇ, ಅವನ ಕೈಗೆ ಕೊಟ್ಟರೆ ಮುಗಿಯಿತು, ಒಂದೇ ವರ್ಷದಲ್ಲಿ ಹಾಳು ಮಾಡುತ್ತಾನೆ, ಎಲ್ಲಾ ನನಗೇ ಕೊಡು ಅಂದಿದ್ದಳು. ಅಮ್ಮ ಕೇಳಲಿಲ್ಲ.

ತಮ್ಮ ಲಿಫ್ಟ್ ರಿಪೇರಿಯವನು, ಊರಿನ ಆಚೆ ತುದಿಯಲ್ಲಿ ಮನೆ. ಬೆಳೆಯ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮ ಹಿತ್ತಲು ಬಿಟ್ಟು ಕದಲುತ್ತಿರಲಿಲ್ಲ, ಭಾನುವಾರ ಫೋನಿನಲ್ಲೇ ಎಲ್ಲ ಸುದ್ದಿ. ಈ ಸಲ ನನ್ನದು ಅಂಗೈ ತುಂಬ ಬಂತು ಎಂದು ಅಕ್ಕ ಹೇಳಿದರೆ, ನನ್ನದು ಎರಡೂ ಕೈಯಲ್ಲಿ ಹಿಡಿಯಬೇಕು ಎಂದು ತಮ್ಮ. ಪ್ರತಿ ವರ್ಷ ಅವನದು ಇವಳದ್ದಕ್ಕಿಂತ ಒಂದು ಸುತ್ತು ದೊಡ್ಡದು. ಫೋನಿಟ್ಟ ಮೇಲೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದು ಗಂಡ ನಕ್ಕರೆ, ಹೊಟ್ಟೆಕಿಚ್ಚಲ್ಲ, ಅವನಿಗೆ ಅಷ್ಟು ಶ್ರದ್ಧೆ ಎಲ್ಲಿಂದ ಬಂತು ಅನ್ನುವ ಆಶ್ಚರ್ಯ ಎನ್ನುತ್ತಿದ್ದಳು.

ಆ ಆಶ್ಚರ್ಯವೇ ಈ ವರ್ಷ ಅವಳ ಬುದ್ಧಿ ಕೆಡಿಸಿತ್ತು. ಅರ್ಧ ಬೀಜ ಬಿತ್ತಬೇಕು, ಅರ್ಧ ಡಬ್ಬಿಯಲ್ಲಿ ಉಳಿಸಬೇಕು, ಇದು ಅಮ್ಮನ ಕಾಲದಿಂದ ನಡೆದು ಬಂದದ್ದು. ಇವಳು ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಿತ್ತಿದಳು. ಸಸಿ ಹೆಚ್ಚು ಬಂದಷ್ಟೂ ಗಟ್ಟಿಯಾದವನ್ನು ಆರಿಸಬಹುದು, ಒಂದು ಸಲವಾದರೂ ಅವನನ್ನು ಹಿಂದೆ ಹಾಕಬಹುದು ಎಂಬ ಹಟ. ಸಣಕಲು ಸಸಿಗಳನ್ನೆಲ್ಲ ಕಿತ್ತು ಗೊಬ್ಬರಕ್ಕೆ ಎಸೆದಳು. ಏನಾದರೂ ಹೆಚ್ಚುಕಮ್ಮಿಯಾದರೆ ತಮ್ಮನ ಮನೆಯಲ್ಲಿ ಇದೆಯಲ್ಲ ಎಂದು ಧೈರ್ಯ ಹೇಳಿಕೊಂಡಿದ್ದಳು.

ಹಾಗಾಗಿ ಆ ಬೆಳಿಗ್ಗೆ ಅವಳಿಗೆ ಹೆದರಿಕೆಯಾಯಿತೇ ಹೊರತು ಜೀವವೇನೂ ಹೋಗಲಿಲ್ಲ. ಏಪ್ರನ್ ಬಿಚ್ಚಿ ಹಿಂಬಾಗಿಲ ಮೊಳೆಗೆ ಹಾಕಿ, ಕಾರ್ಖಾನೆಗೆ ತಲೆನೋವೆಂದು ಹೇಳಿ, ತಮ್ಮನಿಗೆ ಫೋನ್ ಮಾಡಿದಳು. ನಿನ್ನ ಗಿಡ ಹೇಗಿದೆ, ನೋಡೋಕೆ ಬರ್ತಿದೀನಿ ಅಂದಳು. ಅವನು ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಈಗ ಬರಬೇಡ ಅಂದ. ಬಣ್ಣ ಮನೆಗೆ ತಾನೇ, ಹಿತ್ತಲಿಗಲ್ಲವಲ್ಲ ಅಂದಳು. ಆಮೇಲೆ ಅವನು ತಾನು ಊರಲ್ಲೇ ಇಲ್ಲ ಅಂದ. ಅವನ ಹಿಂದೆ ಅವನ ಮನೆಯ ನಾಯಿ ಬೊಗಳುತ್ತಿತ್ತು. ಇವಳು ಫೋನಿಟ್ಟು ಚಪ್ಪಲಿ ಮೆಟ್ಟಿದಳು.

ತಮ್ಮನ ಮನೆಯಲ್ಲಿ ಬಣ್ಣದ ವಾಸನೆ ಇರಲಿಲ್ಲ. ಬಾಗಿಲು ತೆರೆದ ತಮ್ಮನ ಹೆಂಡತಿ ಇವಳ ಮುಖ ನೋಡಿದ್ದೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಿತ್ತಲಲ್ಲಿ ಗಿಡಗಳು ಚೆನ್ನಾಗಿಯೇ ಇದ್ದವು. ಕೋಲಿಗೆ ನೀಟಾಗಿ ಕಟ್ಟಿದ್ದ, ಬುಡಕ್ಕೆ ಹುಲ್ಲು ಹೊದಿಸಿದ್ದ. ಅವಳು ಒಂದು ಎಲೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದಳು. ದಪ್ಪಮ್ಮನ ಎಲೆಗೆ ಹಲ್ಲಿರುವುದಿಲ್ಲ, ಆಲೂಗಡ್ಡೆ ಎಲೆಯ ಹಾಗೆ ಅಂಚು ನುಣುಪು. ಈ ಎಲೆಯ ಅಂಚು ಗರಗಸ. ಇನ್ನೊಂದು ಗಿಡ ನೋಡಿದಳು, ಮತ್ತೊಂದು. ಎಲ್ಲವೂ ಅಂಗಡಿಯ ಸಸಿ, ಎಲ್ಲ ಕಾಯಿಗಳೂ ಅಚ್ಚಿನಲ್ಲಿ ಹಾಕಿದಂತೆ ಗುಂಡಗೆ.

ತಮ್ಮ ಬಾಗಿಲಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಯಾವಾಗ ಹೋಯ್ತು?" ಎಂದಳು.

"ಅಮ್ಮ ಹೋದ ಮೊದಲನೇ ವರ್ಷಾನೇ."

ಅವನು ಹೇಳಿದ್ದು ಇಷ್ಟು. ಅಮ್ಮ ಕೊಟ್ಟದ್ದನ್ನೆಲ್ಲ ಬಿತ್ತಿ, ಬಂದ ಹಣ್ಣಿನ ಬೀಜ ತೊಳೆದು ಒಣಗಲು ಇಟ್ಟಿದ್ದ. ಮೋಡ ಕವಿದ ದಿನಗಳು, ಒಣಗಲೇ ಇಲ್ಲ. ಬೂಷ್ಟು ಹಿಡಿದೀತೆಂದು ಒಲೆಯ ಮೇಲಿನ ಬಿಸಿ ತಟ್ಟೆಗೆ ಹಾಕಿ, ಒಂದು ನಿಮಿಷ ಎಂದು ಹೊರಗೆ ಹೋದ. ಬಂದು ನೋಡಿದರೆ ಹುರಿದು ಹೋಗಿದ್ದವು. ಆದರೂ ಬಿತ್ತಿದ್ದ. ಒಂದೂ ಏಳಲಿಲ್ಲ.

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕ," ಎಂದ. "ಹೇಳಿದ್ರೆ ನೀನು ಅವತ್ತು ಅಮ್ಮನ ಮುಂದೆ ಅಂದಿದ್ದು ನಿಜ ಆಗ್ಬಿಡ್ತಿತ್ತು. ಒಂದು ಸಲ ಸುಳ್ಳು ಹೇಳ್ದೆ. ಆಮೇಲೆ ನೀನು ಪ್ರತಿ ಭಾನುವಾರ ಕೇಳ್ತಾನೇ ಇದ್ದೆ."

ಇಷ್ಟು ವರ್ಷ ಅವಳ ನಿದ್ದೆ ಕೆಡಿಸಿದ ಆ ದೊಡ್ಡ ದೊಡ್ಡ ಹಣ್ಣುಗಳು ಯಾವ ಗಿಡದಲ್ಲೂ ಬಿಟ್ಟಿರಲಿಲ್ಲ. ಇಲ್ಲದ ಹಣ್ಣಿನ ಜೊತೆ ಪಂದ್ಯ ಕಟ್ಟಿ ಅವಳು ಇದ್ದ ಬೀಜವನ್ನೆಲ್ಲ ಮಣ್ಣಿಗೆ ಹಾಕಿದ್ದಳು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎತ್ತಿದ ಕೈಯನ್ನು ಇಳಿಸಿ, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ಗಿಡಕ್ಕೆ ಅಂಗಮಾರಿ ಬಂದದ್ದನ್ನೂ ಡಬ್ಬಿ ಖಾಲಿ ಇರುವುದನ್ನೂ ಅಲ್ಲಿಂದಲೇ ಹೇಳಿದಳು.  ತಮ್ಮ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

ಬಸ್ಸು ಸಿಕ್ಕಿ ಇಬ್ಬರೂ ಹತ್ತುವಾಗ ಮಧ್ಯಾಹ್ನ ದಾಟಿತ್ತು. ಮೋಡ ತಗ್ಗಿಗೆ ಇಳಿದಿತ್ತು, ಕಿಟಕಿ ಗಾಜಿಗೆ ತುಂತುರು ಹತ್ತುತ್ತಿತ್ತು. ಅಂಗಮಾರಿಗೆ ಅಂಥ ತಣ್ಣನೆ ಒದ್ದೆ ಹವೆ ಎಂದರೆ ಹಬ್ಬದೂಟ. ಮನೆ ತಲುಪುವ ಹೊತ್ತಿಗೆ ಬೆಳಕು ಮಾಸುತ್ತಿತ್ತು. ಹಿಂಬಾಗಿಲ ಮೊಳೆಯಿಂದ ಏಪ್ರನ್ ಎಳೆದು ಕಟ್ಟಿಕೊಂಡು ಅವಳು ಹಿತ್ತಲಿಗೆ ಓಡಿದಳು. ಬೆಳಿಗ್ಗೆ ಮೂರು ಎಲೆಯಲ್ಲಿದ್ದದ್ದು ಈಗ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಗೋಡೆ ಪಕ್ಕದ ಗಿಡದ ಕಾಂಡಕ್ಕೂ ಕಪ್ಪು ಏರಿತ್ತು.

ಕಾಯಿಗಳೆಲ್ಲ ಹಸಿರು. ಎಳೆಯ ಕಾಯಿಯೊಳಗಿನ ಬೀಜ ಮೊಳೆಯುವುದಿಲ್ಲ. ಅಕ್ಕ ಒಂದು ಸಾಲಿನಲ್ಲಿ, ತಮ್ಮ ಇನ್ನೊಂದು ಸಾಲಿನಲ್ಲಿ ಮಂಡಿಯೂರಿ ಒಂದೊಂದೇ ಕಾಯನ್ನು ಮೇಲೆತ್ತಿ ಅಡಿಭಾಗ ನೋಡುತ್ತ ಹೋದರು. ಕಾಯಿ ಬಲಿತರೆ ಅಡಿಯಲ್ಲಿ ಹಸಿರು ಬಿಳುಪಿಗೆ ತಿರುಗಿ ನಕ್ಷತ್ರದ ಹಾಗೆ ಮೂಡುತ್ತದೆ. ಅದು ಕಂಡರೆ ಬೀಜಕ್ಕೆ ಜೀವ ಬಂದಿದೆ, ಕಿತ್ತಿಟ್ಟರೂ ಹಣ್ಣಾಗುತ್ತದೆ. ಇಬ್ಬರಿಗೂ ಇದನ್ನು ಕಲಿಸಿದವಳು ಅಮ್ಮ. ತಮ್ಮನೇ ಮೊದಲು ಕಂಡ. "ಅಕ್ಕ, ಇಲ್ಲಿ," ಎಂದು ಪಿಸುಗುಟ್ಟಿದ. ಮೊದಲ ಗೊಂಚಲಿನ ದೊಡ್ಡ ಕಾಯಿ. ಅಡಿಯಲ್ಲಿ ನಕ್ಷತ್ರ ಸ್ಪಷ್ಟವಾಗಿತ್ತು. ಬೇರೆಲ್ಲೂ ಇನ್ನೊಂದು ಸಿಗಲಿಲ್ಲ.

ಅವಳು ಅದನ್ನು ತೊಟ್ಟು ಸಮೇತ ಕಿತ್ತಳು. ಅಷ್ಟರಲ್ಲಿ ಬೇಲಿಯ ಆಚೆ ಕೆಮ್ಮಿದ ಸದ್ದು. ಕಾಯಿ ಸೀದಾ ಏಪ್ರನ್ ಜೇಬಿಗೆ ಇಳಿಯಿತು.

ಅಂಚೆಯಣ್ಣ ಬೇಲಿಗೆ ಒರಗಿ ಗೋಡೆ ಪಕ್ಕದ ಗಿಡವನ್ನೇ ನೋಡುತ್ತಿದ್ದರು. ಅವರ ಹಿಂದೆ ಅವರ ಗಿಡಗಳು ಹಸಿರಾಗಿ, ಒಂದು ಕಲೆ ಇಲ್ಲದೆ ನಿಂತಿದ್ದವು.

"ಅಂಗಮಾರಿನಾ?"

"ಹೌದು."

"ಯಾವಾಗ ನೋಡಿದ್ರಿ?"

ತಮ್ಮ ತಲೆಯೆತ್ತಿದ. ಕತ್ತರಿ ಅಕ್ಕ ಏಪ್ರನ್ ಜೇಬಿನ ಮೇಲೆ ಕೈಯಿಟ್ಟಳು. ಬೆಳಿಗ್ಗೆ ಎಂದರೆ, ಬೆಳಿಗ್ಗೆಯಿಂದ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಆಮೇಲೆ ಜೇಬಿನಲ್ಲಿ ಏನಿದೆ ಎಂದೂ ಕೇಳಿಯಾರು.

"ಈಗ ತಾನೇ," ಎಂದಳು. "ಕೆಲಸದಿಂದ ಬಂದು ನೋಡಿದ್ರೆ ಹೀಗಾಗಿದೆ."

ಅವರು ಒಳಗೆ ಹೋದರು. ಹೋಗಿ ಬಿಟ್ಟರೆಂದುಕೊಂಡರೆ, ಚೀಲಗಳ ಕಟ್ಟು ಹಿಡಿದು ಸುತ್ತು ಹಾಕಿ ಮುಂಬಾಗಿಲಿನಿಂದ ಬಂದರು. ಅಂಗಿ ತೋಳು ಮಡಿಚಿ, ಗಿಡ ಅಲುಗಿಸದ ಹಾಗೆ ಮೊದಲು ಚೀಲ ಹೊದಿಸಿ ಆಮೇಲೆ ಬೇರು ಕೀಳುವುದು ಹೇಗೆಂದು ತಮ್ಮನಿಗೆ ತೋರಿಸಿದರು. ಮೂವರೂ ಸೇರಿ ಕತ್ತಲಾಗುವುದರೊಳಗೆ ಹಿತ್ತಲನ್ನು ಬರಿದು ಮಾಡಿದರು. ಹೋದ ವರ್ಷ ನಿಮ್ಮ ಮೇಲೆ ತುಂಬ ಸಿಟ್ಟಾಗಿತ್ತು ಎಂದು ಅವರು ಚೀಲದ ಬಾಯಿ ಕಟ್ಟುತ್ತ ಹೇಳಿದರು. ಆದರೆ ಕಟ್ಟಳೆ ಸರಿಯಾಗಿಯೇ ಇದೆ, ನೀವೂ ತಡ ಮಾಡಲಿಲ್ಲ, ದೊಡ್ಡ ಮನಸ್ಸು ಎಂದರು. ಕತ್ತರಿ ಅಕ್ಕನಿಗೆ ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವರು ಹೋದ ಮೇಲೆ ಅಡುಗೆಮನೆಯ ದೀಪದ ಕೆಳಗೆ ಜೇಬಿಗೆ ಕೈ ಹಾಕಿದಳು. ಕಾಯಿಯ ಜೊತೆ ಬೆಳಿಗ್ಗೆ ತುರುಕಿದ್ದ ಎಲೆಗಳೂ ಬಂದವು. ದಿನವಿಡೀ ಜೇಬಿನಲ್ಲಿ ಬೆಂದು ಲೋಳೆಯಾಗಿ, ಕಾಯಿಯ ತೊಟ್ಟಿನ ಪಕ್ಕದ ಭುಜಕ್ಕೆ ಅಂಟಿಕೊಂಡಿದ್ದವು.

ತಮ್ಮ ನೋಡಿದ. ಎಲೆ ನೋಡಿದ, ಅವಳನ್ನು ನೋಡಿದ. ಬೆಳಿಗ್ಗೆಯೇ ಕಿತ್ತು ಮುಚ್ಚಿಟ್ಟದ್ದೆಂದು ಅವನಿಗೂ ಗೊತ್ತಾಯಿತು. ಅವಳು ಕಾಯನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಕಾಯಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಗಲಿಲ್ಲ. ಕಪಾಟಿನ ಮೇಲಿನ ಹಲಗೆಯಲ್ಲಿ ಕಾಗದ ಹಾಸಿ ಇಟ್ಟಿದ್ದಳು. ಗಂಡ ಬಸ್ ಡ್ರೈವರು, ಹಸಿದು ಬಂದವನು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಆಸಾಮಿ. ಅವನಿಗೆ ಆ ಕಪಾಟಿನ ಕಡೆ ತಿರುಗಬೇಡ ಎಂದು ಆಜ್ಞೆಯಾಯಿತು. ನಾನು ಉಸಿರಾಡಬಹುದಾ ಎಂದು ಕೇಳಿದ. ಆ ಕಡೆ ಬೇಡ ಎಂದಳು. ಅವಳಿಗೆ ನಗು ಬರಲಿಲ್ಲ.

ಎಲೆ ಅಂಟಿದ್ದ ಭುಜದಲ್ಲಿ ಕಂದು ಕಾಣಿಸಿಕೊಂಡಿತು. ಮೊದಲು ಒಂದು ಬೊಟ್ಟಿನಷ್ಟು, ಆಮೇಲೆ ಹೆಬ್ಬೆರಳಿನಷ್ಟು. ಅಡಿಯಿಂದ ಕೆಂಪು ಏರುತ್ತಿತ್ತು, ಭುಜದಿಂದ ಕಂದು ಇಳಿಯುತ್ತಿತ್ತು. ಕಾರ್ಖಾನೆಯಲ್ಲಿ ಬಟ್ಟೆಯ ಥಾನಿನ ಮೇಲೆ ಕತ್ತರಿ ಆಡಿಸುವಾಗಲೂ ಅವಳ ಕಣ್ಣಿಗೆ ಆ ಎರಡು ಬಣ್ಣಗಳೇ ಕಾಣುತ್ತಿದ್ದವು. ಒಂದು ತೋಳನ್ನು ಗಿಡ್ಡ ಕತ್ತರಿಸಿ ಮೇಲ್ವಿಚಾರಕಿಯಿಂದ ಬೈಸಿಕೊಂಡಳು. ತಮ್ಮ ಕೆಲಸ ಮುಗಿಸಿ ಪ್ರತಿ ಸಂಜೆ ಬರುತ್ತಿದ್ದ, ಕಾಯನ್ನು ನೋಡುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ. ರೋಗ ಎಲೆಯಿಂದಲೇ ಹತ್ತಿತೋ ಗಿಡದಲ್ಲೇ ಹತ್ತಿತ್ತೋ ಹೇಳುವ ಹಾಗಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಅವಳು ಅಡುಗೆಮನೆ ಕಿಟಕಿಯಿಂದ ನೋಡಿದಳು. ಅಂಚೆಯಣ್ಣ ತಮ್ಮ ಹಿತ್ತಲಲ್ಲಿ ಒಂದು ಎಲೆಯನ್ನು ಮಗುಚಿ ಹಿಡಿದು ನಿಂತಿದ್ದರು. ತುಂಬ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಬೇಲಿಯ ಹತ್ತಿರ ಬಂದು, ಅಕ್ಕಾ, ನನಗೂ ಬಂತು ಎಂದು ಕೂಗಿ ತಿಳಿಸಿದರು. ಆಚೆ ಮನೆಗೂ ಹೋಗಿ ತಿಳಿಸಿ ಬಂದು ಚೀಲಗಳನ್ನು ತಂದರು. ಗಿಡಗಳಲ್ಲಿ ಅಲ್ಲಲ್ಲಿ ಹಣ್ಣು ಕೆಂಪಾಗಿತ್ತು. ಒಂದನ್ನೂ ಉಳಿಸಿಕೊಳ್ಳದೆ ಒಬ್ಬರೇ ಎಲ್ಲವನ್ನೂ ಕಿತ್ತರು. ಇವಳು ಸಹಾಯಕ್ಕೆ ಹೋಗಬೇಕಿತ್ತು. ಹಿಂಬಾಗಿಲ ತನಕ ಹೋಗಿ, ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಬಾಗಿಲು ತೆಗೆಯುವ ಮುಖ ಅವಳಿಗಿರಲಿಲ್ಲ.

ಅಂದು ಸಂಜೆ ತಮ್ಮ ಬಂದಾಗ ಅವಳು ಕಾಯನ್ನು ಇಳಿಸಿ ಮೇಜಿನ ಮೇಲಿಟ್ಟಿದ್ದಳು, ಪಕ್ಕದಲ್ಲಿ ಚಾಕು. ಕಂದು ಅರ್ಧಕ್ಕೆ ಬಂದಿತ್ತು. ಇನ್ನೊಂದು ದಿನ ಬಿಡು, ಇನ್ನೂ ಸರಿಯಾಗಿ ಕೆಂಪಾಗಿಲ್ಲ ಎಂದ ತಮ್ಮ. ಇನ್ನೊಂದು ದಿನ ಬಿಟ್ಟರೆ ಕೊಳೆ ಒಳಗಿಳಿಯುತ್ತದೆ ಎಂದಳು ಅವಳು. ಇವತ್ತು ಕೊಯ್ದು ಬೀಜ ಇನ್ನೂ ಎಳೆಯದಾಗಿದ್ದರೆ? ಎಂದ.  ಬೀಜ ಎಳೆಯದಾಗಿದ್ದರೆ ಚಾಕು ಅದನ್ನೂ ಕೊಯ್ದುಕೊಂಡು ಹೋಗುತ್ತದೆ. ಬಲಿತಿದ್ದರೆ ಸುತ್ತ ಲೋಳೆ ಕಟ್ಟಿರುತ್ತದೆ, ಚಾಕು ತಾಗಿದರೆ ಜಾರಿಕೊಳ್ಳುತ್ತದೆ. ಕೊಯ್ಯುವ ತನಕ ತಿಳಿಯುವುದಿಲ್ಲ, ಕೊಯ್ದ ಮೇಲೆ ಮತ್ತೆ ಕೂಡಿಸುವ ಹಾಗಿಲ್ಲ.

ದಿನವೂ ಗಜಗಟ್ಟಲೆ ಬಟ್ಟೆ ಕತ್ತರಿಸುವ ಕೈ ಕಾಯನ್ನು ತಿರುಗಿಸಿ ತಿರುಗಿಸಿ ಜಾಗ ಹುಡುಕಿತು. ಅವಳು ಚಾಕು ಇಳಿಸಿದಳು. ಭುಜದ ಕಡೆ ಮರದ ಚೂರಿನ ಹಾಗೆ ಗಟ್ಟಿ, ಕರ್ ಎಂದು ಸದ್ದಾಯಿತು, ಅಲ್ಲಿನ ಬೀಜಗಳೆಲ್ಲ ಕಪ್ಪಾಗಿ ಅಂಟಿಕೊಂಡಿದ್ದವು. ಕೆಳಗೆ ಬಂದಂತೆ ಚಾಕು ಮೆತ್ತಗೆ ಇಳಿಯಿತು. ಒಂದು ಬೀಜ ಅಲಗಿನ ಪಕ್ಕಕ್ಕೆ ಜಾರಿತು. ಅದರ ಹಿಂದೆ ಇನ್ನೊಂದು.

"ಜಾರ್ತಿದೆ," ಎಂದ ತಮ್ಮ. ಅವನ ಕಣ್ಣು ತುಂಬಿತ್ತು. ಅವಳದ್ದೂ.

ಬೀಜಗಳನ್ನು ರಸದ ಜೊತೆ ಬಟ್ಟಲಿಗೆ ಹಾಕಿ ಹುಳಿಯಲು ಬಿಟ್ಟರು. ಲೋಳೆ ಬಿಟ್ಟ ಮೇಲೆ ತೊಳೆದು, ಒಲೆಯಿಂದ ದೂರ, ನೆರಳಲ್ಲಿ ಕಾಗದದ ಮೇಲೆ ಹರಡಿದರು. ಒಣಗಿದಾಗ ಎರಡು ಬೆರಳಿನಲ್ಲಿ ಹಿಡಿಯುವಷ್ಟಿತ್ತು. ಕತ್ತರಿ ಅಕ್ಕ ಅದನ್ನು ಸಮವಾಗಿ ಎರಡು ಮಾಡಿ ಒಂದು ಪಾಲನ್ನು ತಮ್ಮನ ಮುಂದೆ ಸರಿಸಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ನನಗೆ ಬೇಡ, ಎಲ್ಲಾ ನೀನೇ ಇಟ್ಟುಕೋ, ಅಮ್ಮನ ಹತ್ತಿರ ನೀನು ಹೇಳಿದ್ದೇ ಸರಿ ಎಂದ.

"ನಿನ್ನ ನಂಬಿ ಕೊಡ್ತಿಲ್ಲ ಕಣೋ," ಎಂದಳು ಅವಳು. "ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ಅದಕ್ಕೆ ಕೊಡ್ತಿದೀನಿ. ಬೀಜ ಹಾಳಾದ್ರೆ ಮುಚ್ಚಿಡದೆ ಹೇಳು. ಅಷ್ಟು ಸಾಕು."

ಅವನು ಪೊಟ್ಟಣವನ್ನು ಅಂಗಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಅವಳು ತನ್ನ ಪಾಲಿನಲ್ಲಿ ಅರ್ಧ ತೆಗೆದು ಇನ್ನೊಂದು ಪೊಟ್ಟಣ ಕಟ್ಟಿದಳು.  ಮುಂಬಾಗಿಲಿನಿಂದ ಹೊರಬಿದ್ದು ಪಕ್ಕದ ಮನೆಯ ಕದ ತಟ್ಟಿದಳು.

ಅಂಚೆಯಣ್ಣ ಬಾಗಿಲು ತೆರೆದು ಒಳಗೆ ಬನ್ನಿ ಎಂದರು. ಅವಳು ಹೊಸ್ತಿಲು ದಾಟಲಿಲ್ಲ.

"ಅವತ್ತು ನಾನು ಹೇಳಿದ್ದು ಸುಳ್ಳು," ಎಂದಳು. "ಚುಕ್ಕೆನ ಬೆಳಿಗ್ಗೆನೇ ನೋಡಿದ್ದೆ. ಎಲೆ ಕಿತ್ತು ಮುಚ್ಚಿಟ್ಟು ತಮ್ಮನ ಮನೆಗೆ ಹೋಗಿದ್ದೆ. ಬೀಜಕ್ಕೆ ಅಂತ ಒಂದು ಕಾಯನ್ನೂ ಉಳಿಸ್ಕೊಂಡೆ."

ಅವರು ಬರಿದಾದ ಹಿತ್ತಲಿನ ಕಡೆ ತಿರುಗಿ ನೋಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂದು ಲೆಕ್ಕ ಹಾಕುತ್ತಿರುವ ಹಾಗೆ ಅವಳಿಗೆ ಕಂಡಿತು.

"ಬೀಜ ಉಳೀತಾ?"

"ಉಳೀತು. ಇದು ನಿಮ್ಮ ಪಾಲು."

ಅವರು ಪೊಟ್ಟಣ ನೋಡಿದರು. ಕೈ ಚಾಚಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಉಳೀತಲ್ಲ, ಒಳ್ಳೇದಾಯ್ತು," ಎಂದರು. "ನಾನಿನ್ನು ಟೊಮೇಟೊ ಹಾಕಲ್ಲಮ್ಮ."

ಬಾಗಿಲು ಮೆಲ್ಲಗೆ ಮುಚ್ಚಿತು. ಕತ್ತರಿ ಅಕ್ಕ ಪೊಟ್ಟಣ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡೇ ಮೆಟ್ಟಿಲ ಮೇಲೆ ನಿಂತಿದ್ದಳು.